ನಕ್ಕರೆ ತಿರಸ್ಕಾರ, ಕಣ್ಣು ಕಿರಿದಾದರೆ ಸಂತೋಷ: ಶಿರಸಿಯ ಒಂದು ಪ್ರಕರಣ

ಮುಖದ ಒಂದು ಬದಿ ಸೋತ ಒಬ್ಬ ರೋಗಿಯಲ್ಲಿ ತೊಡಕೊಂದು ಬೆಳೆಯುತ್ತಿದ್ದ ತಿಂಗಳುಗಳಲ್ಲೇ ಕಂಪ್ಯೂಟರು 'ಇವರು ದಿನೇ ದಿನೇ ಹೆಚ್ಚು ಸಂತೋಷವಾಗಿದ್ದಾರೆ' ಎಂದು ಅಂಕ ಕೊಡುತ್ತ ಹೋಯಿತು. ಅದೇ ವಿಡಿಯೊಗಳನ್ನು ಇಟ್ಟುಕೊಂಡು ಬೇರೆ ಪ್ರಶ್ನೆ ಕೇಳಿದಾಗ, ಮನೆಯವರಿಗಾಗಲಿ ಫಿಸಿಯೋಥೆರಪಿಸ್ಟ್‌ಗಾಗಲಿ ಕಾಣುವ ಮೊದಲಿನ ವಿಡಿಯೊಗಳಲ್ಲೇ ಆ ತೊಡಕಿನ ಸುಳಿವು ತೋರಿಸಿದ್ದೂ ಅದೇ ಕಂಪ್ಯೂಟರು. ಈ ಎರಡರ ನಡುವಿನ ಅಂತರ ಏನೆಂದು ವಿವರವಾಗಿ ದಾಖಲಿಸುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ರೋಗಿ ಶಿರಸಿ–ಸಿದ್ದಾಪುರ ನಡುವಿನ ಒಂದು ಹಳ್ಳಿಯ ಅಡಿಕೆ ತೋಟದ ಮನೆಯವರು, ವಯಸ್ಸು ಐವತ್ತರ ಆಸುಪಾಸು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆ ಇದೆ. ನಾವು ಅವರನ್ನು ಅತ್ತೆ ಎಂದೇ ಕರೆಯುವುದರಿಂದ ಇಲ್ಲೂ ಹಾಗೇ ಬರೆಯುತ್ತೇನೆ. ಚಿಕಿತ್ಸೆ ಮಾಡಿದವಳು ಶಿರಸಿಯಲ್ಲಿ ಸಣ್ಣದೊಂದು ಫಿಸಿಯೋಥೆರಪಿ ಕ್ಲಿನಿಕ್ ಇಟ್ಟುಕೊಂಡಿರುವ ನನ್ನ ದೊಡ್ಡಪ್ಪನ ಮಗಳು. ನಾನು ಊರಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ಸಾಫ್ಟ್‌ವೇರಿನವನು. ವಿಡಿಯೊ, ಪ್ರೋಗ್ರಾಮು ನನ್ನ ಪಾಲು. ಮುಖದ ಬಗ್ಗೆ ತೀರ್ಮಾನ ಪೂರ್ತಿ ಅಕ್ಕನದು.

ಕೊನೆಕೊಯ್ಲಿನ ಡಿಸೆಂಬರ್

2023ರ ಡಿಸೆಂಬರ್. ಮನೆಯಲ್ಲಿ ಕೊನೆಕೊಯ್ಲು, ಅಡಿಕೆ ಸುಲಿಯುವವರಿಗೆ ಹೊತ್ತುಹೊತ್ತಿಗೆ ಆಸರಿ ಮಾಡಿಕೊಡುವ ಗಡಿಬಿಡಿ. ಬೆಳಿಗ್ಗೆ ಅತ್ತೆ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ಸೋರಿಹೋಯಿತು. ಕನ್ನಡಿ ನೋಡಿದರೆ ಬಾಯಿ ಬಲಕ್ಕೆ ಎಳೆದುಕೊಂಡಿದೆ, ಎಡಗಣ್ಣು ಮುಚ್ಚುತ್ತಿಲ್ಲ. ಮನೆಯವರೆಲ್ಲ ಲಕ್ವಾ ಹೊಡೆದಿದೆ ಎಂದೇ ಹೆದರಿ ಜೀಪು ಹತ್ತಿಸಿದರು.

ವೈದ್ಯರು ಮೊದಲು ಹೇಳಿದ್ದು 'ಹುಬ್ಬು ಎತ್ತಿ' ಎಂದು. ಅವರು ಹಾಗೆ ಕೇಳುವುದಕ್ಕೆ ಕಾರಣವಿದೆ. ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡೂ ಬದಿಯಿಂದ ಆಜ್ಞೆ ಬರುತ್ತದೆ. ಹಾಗಾಗಿ ಮಿದುಳಿನ ಒಂದು ಬದಿಗೆ ಪೆಟ್ಟಾದ ಸ್ಟ್ರೋಕಿನಲ್ಲಿ ಬಾಯಿ ಓರೆಯಾದರೂ ಹಣೆಯಲ್ಲಿ ಸಾಮಾನ್ಯವಾಗಿ ನೆರಿಗೆ ಬೀಳುತ್ತದೆ. ಮಿದುಳಿನಿಂದ ಹೊರಬಿದ್ದು ಕಿವಿಯ ಹಿಂದಿನ ಮೂಳೆಯೊಳಗಿನ ಕಿರಿದಾದ ದಾರಿಯಲ್ಲಿ ಬರುವ, ಮುಖದ ಸ್ನಾಯುಗಳನ್ನು ಆಡಿಸುವ ಏಳನೆಯ ನರವೇ ಊದಿಕೊಂಡು ಸಿಕ್ಕಿಬಿದ್ದರೆ ಆ ಬದಿಯ ಹಣೆ, ಕಣ್ಣು, ಬಾಯಿ ಮೂರೂ ಹೋಗುತ್ತವೆ. ಅತ್ತೆಯ ಎಡ ಹಣೆ ಇಸ್ತ್ರಿ ಮಾಡಿದಷ್ಟು ನುಣುಪಾಗಿತ್ತು. ಉಳಿದ ಪರೀಕ್ಷೆಗಳೂ ಆದ ಮೇಲೆ ಬೆಲ್ಸ್ ಪಾಲ್ಸಿ, ಅಂದರೆ ಆ ನರ ಸೋತು ಮುಖದ ಒಂದು ಬದಿ ನಿಂತುಹೋಗುವ ಕಾಯಿಲೆ, ಎಂದು ನಿರ್ಧಾರವಾಯಿತು. ಪ್ರೆಡ್ನಿಸೋಲೋನ್ ಅಂದೇ ಶುರು, ಹಗಲಿಗೆ ಕಣ್ಣಿನ ಹನಿ, ರಾತ್ರಿ ರೆಪ್ಪೆಗೆ ಪಟ್ಟಿ.

ಈ ಸ್ಟೀರಾಯ್ಡು 72 ಗಂಟೆಯೊಳಗೆ ಶುರುವಾಗಬೇಕು. ಸ್ಕಾಟ್ಲೆಂಡಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಪ್ರೆಡ್ನಿಸೋಲೋನ್ ಪಡೆದವರಲ್ಲಿ ಒಂಬತ್ತು ತಿಂಗಳಿಗೆ ನೂರಕ್ಕೆ 94.4 ಮಂದಿ ಪೂರ್ತಿ ಗುಣವಾಗಿದ್ದರು, ಪಡೆಯದವರಲ್ಲಿ 81.6. ಅಂದರೆ ಬಹುಪಾಲು ಜನರಿಗೆ ಇದು ಬಂದು ಹೋಗುವ ಕಾಯಿಲೆ, ಅವರಿಗೆ ಯಾವ ಕ್ಯಾಮೆರಾದ ಹಂಗೂ ಬೇಡ. ಅತ್ತೆಯದು ಉಳಿದ ಕೆಲವರ ಗುಂಪಿಗೆ ಸೇರುವ ಲಕ್ಷಣ ಮೊದಲೇ ಇತ್ತು. ಎಡಗಡೆ ಚಲನೆ ಹೆಚ್ಚುಕಡಿಮೆ ಶೂನ್ಯವಾಗಿತ್ತು. ಅಷ್ಟು ಪೆಟ್ಟು ತಿಂದ ನರದ ಎಳೆಗಳು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಮತ್ತೆ ಬೆಳೆದು ಸ್ನಾಯು ಮುಟ್ಟಬೇಕು. ತಿಂಗಳುಗಟ್ಟಲೆ ಕಾಯುವ ಕೆಲಸ ಅದು.

ವಿಡಿಯೊ ಯಾಕೆ

ಮುಖದ ಪಾರ್ಶ್ವವಾಯುವನ್ನು ಅಳೆಯಲು ವೈದ್ಯರ ಬಳಿ ಇರುವುದು ಕಣ್ಣಂದಾಜಿನ ಮಾಪಕಗಳು. 1985ರಿಂದ ಬಳಕೆಯಲ್ಲಿರುವ ಹೌಸ್–ಬ್ರ್ಯಾಕ್‌ಮನ್ ಮಾಪಕ ಮುಖವನ್ನು ಆರು ದರ್ಜೆಗೆ ಸೇರಿಸುತ್ತದೆ. ಅತ್ತೆಯದು ಐದನೆಯದು. ಸನ್ನಿಬ್ರೂಕ್ ಮಾಪಕ ಇನ್ನಷ್ಟು ಸೂಕ್ಷ್ಮ: ಹುಬ್ಬು ಎತ್ತುವುದು, ಕಣ್ಣನ್ನು ಮೆಲ್ಲಗೆ ಮುಚ್ಚುವುದು, ಬಾಯಿ ತೆರೆದು ನಗುವುದು, ಮೂಗು ಸಿಂಡರಿಸುವುದು, ತುಟಿ ಮುಂದೆ ಚಾಚುವುದು — ಈ ಐದು ಚಲನೆಗೆ ಅಂಕ ಕೊಟ್ಟು, ಸುಮ್ಮನಿದ್ದಾಗಿನ ಓರೆತನದ ಅಂಕವನ್ನೂ ಒಂದರ ಜೊತೆ ಇನ್ನೊಂದು ತಾನಾಗಿ ಅಲುಗುವುದರ ಅಂಕವನ್ನೂ ಕಳೆಯುತ್ತಾರೆ. ಪೂರ್ತಿ ಸರಿಯಿದ್ದರೆ ನೂರು.

ಮಾಪಕ ಒಳ್ಳೆಯದೇ. ಆದರೆ ಸುಗ್ಗಿಯ ಹೊತ್ತಲ್ಲಿ ಅತ್ತೆ ಪ್ರತಿವಾರ ಬಸ್ಸು ಹತ್ತಿ ಶಿರಸಿಗೆ ಬರುವುದು ಆಗದ ಮಾತು. ಎರಡು ಭೇಟಿಗಳ ನಡುವೆ ಮುಖ ಎಷ್ಟು ಬದಲಾಯಿತು ಎಂದು ನೆನಪಿನಲ್ಲಿ ಹಿಡಿದಿಟ್ಟುಕೊಳ್ಳುವುದು ಅಕ್ಕನಿಗೂ ಕಷ್ಟ. ಮನೆಯಲ್ಲೇ ಮಗನ ಫೋನಿನಲ್ಲಿ ಈ ಐದು ಚಲನೆಯ ವಿಡಿಯೊ ಮಾಡಿ ಕಳಿಸುವುದು ಎಂದಾಯಿತು. ಅದನ್ನು ಕಂಪ್ಯೂಟರಿನಲ್ಲಿ ಅಳೆಯಬಹುದೇ ಎಂದು ಅಕ್ಕ ನನ್ನನ್ನು ಕೇಳಿದಳು.

ಮೊದಲು ಕೈಗೆ ಸಿಕ್ಕಿದ್ದು: ಭಾವ ಓದುವ ಸಾಫ್ಟ್‌ವೇರ್

'ಮುಖಭಾವ ಗುರುತಿಸುವ' ಸಿದ್ಧ ಮಾಡೆಲ್‌ಗಳು, ಅಂದರೆ ರಾಶಿ ಚಿತ್ರ ನೋಡಿ ಕಲಿತ ಪ್ರೋಗ್ರಾಮುಗಳು, ಇವತ್ತು ಪುಕ್ಕಟೆ ಸಿಗುತ್ತವೆ. ಎರಡನ್ನು ಇಳಿಸಿಕೊಂಡು ಜನವರಿಯ ವಿಡಿಯೊಗಳ ಮೇಲೆ ಓಡಿಸಿದೆ.

ಒಂದು ಎಫ್‌ಇಆರ್ 2013 ಎಂಬ ಸಂಗ್ರಹದಿಂದ ಕಲಿತದ್ದು. ಅದರಲ್ಲಿರುವುದು ಅಂತರ್ಜಾಲದಿಂದ ಹೆಕ್ಕಿದ 35,887 ಕಪ್ಪು-ಬಿಳುಪು ಮುಖಗಳು, ಒಂದೊಂದೂ ಬರೀ 48 ಪಿಕ್ಸೆಲ್ ಅಗಲ, 48 ಪಿಕ್ಸೆಲ್ ಎತ್ತರ. ಸಿಟ್ಟು, ಹೇಸಿಗೆ, ಭಯ, ಸಂತೋಷ, ದುಃಖ, ಅಚ್ಚರಿ, ಏನೂ ಇಲ್ಲದ್ದು ಎಂದು ಏಳು ಹಣೆಪಟ್ಟಿ. ಈ ಚಿತ್ರಗಳನ್ನು ಮನುಷ್ಯರಿಗೇ ತೋರಿಸಿ ಕೇಳಿದಾಗ ಹಣೆಪಟ್ಟಿಗೆ ಹೊಂದಿದ ಉತ್ತರ ಬಂದದ್ದು ನೂರಕ್ಕೆ 65ರ ಸುತ್ತ ಮಾತ್ರ. ಇನ್ನೊಂದು ಮಾಡೆಲು 2017ರ ಅಫೆಕ್ಟ್‌ನೆಟ್ ಸಂಗ್ರಹದ್ದು. ಅದು ಬಹಳ ದೊಡ್ಡದು, ಸುಮಾರು 4.4 ಲಕ್ಷ ಚಿತ್ರಗಳಿಗೆ ಜನರೇ ಕೂತು ಪಟ್ಟಿ ಹಚ್ಚಿದ್ದಾರೆ. ಅಲ್ಲಿ ಎಂಟನೆಯ ಭಾವವಾಗಿ ತಿರಸ್ಕಾರವೂ ಇದೆ.

ಗಮನಿಸಬೇಕಾದ್ದು, ಎರಡೂ ಸ್ಥಿರಚಿತ್ರಗಳಿಂದ ಕಲಿತವು. ವಿಡಿಯೊ ಕೊಟ್ಟರೆ ಒಂದೊಂದು ಫ್ರೇಮನ್ನೂ ಬಿಡಿ ಫೋಟೊ ಎಂದುಕೊಂಡು ಓದುತ್ತವೆ. ಯಾವುದು ಮೊದಲು ಅಲುಗಿತು, ಯಾವುದು ಆಮೇಲೆ ಎಂಬುದು ಅವುಗಳ ಲೆಕ್ಕಕ್ಕಿಲ್ಲ.

ಅತ್ತೆ ಸುಮ್ಮನೆ ಕೂತಿದ್ದ ಫ್ರೇಮುಗಳಿಗೆ ಮೊದಲನೆಯದು ಹೆಚ್ಚಾಗಿ 'ದುಃಖ' ಎಂದಿತು. ಎಡತುಟಿಯ ಕೊನೆ ಜೋತುಬಿದ್ದದ್ದೇ ಅದಕ್ಕೆ ಆಧಾರವಿರಬೇಕು. ನಗಲು ಹೇಳಿದಾಗ ಎರಡನೆಯದು ಮತ್ತೆ ಮತ್ತೆ 'ತಿರಸ್ಕಾರ' ಎಂದಿತು. ಇದೂ ಅರ್ಥವಾಗದ ಉತ್ತರವಲ್ಲ. ಮನಶ್ಶಾಸ್ತ್ರಜ್ಞರಾದ ಪಾಲ್ ಎಕ್‌ಮನ್ ಮತ್ತು ವಾಲೆಸ್ ಫ್ರೀಸನ್ 1978ರಲ್ಲಿ ಮುಖದ ಒಂದೊಂದು ಚಲನೆಗೂ ಸಂಖ್ಯೆ ಕೊಟ್ಟು ಫ್ಯಾಕ್ಸ್ ಎಂಬ ಪದ್ಧತಿ ಮಾಡಿದರು. ಎಕ್‌ಮನ್ ಪರಂಪರೆಯಲ್ಲಿ ತುಟಿಯ ಒಂದೇ ಕೊನೆ ಬಿಗಿದು ಮೇಲೇಳುವುದು ತಿರಸ್ಕಾರದ ಗುರುತು. ಒಂದೇ ಬದಿ ಕೆಲಸ ಮಾಡುವ ಮುಖ ಹೇಗೆ ನಕ್ಕರೂ ಆ ಆಕಾರವೇ ಆಗುತ್ತದೆ.

ಪರದೆ ಮೇಲೆ ಏನು ಬಂತೆಂದು ಅತ್ತೆ ಕೇಳಿದರು, ಹೇಳಿದೆ. ಒಂದು ವಾರದ ಹಿಂದೆ ಉಪನಯನದ ಮನೆಯಲ್ಲಿ ಯಾರಿಗೋ ನಕ್ಕು ಮಾತಾಡಿಸಲು ಹೋಗಿ, ಆಕೆ ಮುಖ ತಿರುಗಿಸಿಕೊಂಡು ಹೋಗಿದ್ದರಂತೆ. "ಆ ಅತ್ತಿಗೆನೂ ಹಂಗೇ ತಿಳ್ಕಂಜು, ನಿನ್ ಮಷಿನ್ನೂ ಹಂಗೇ ತಿಳ್ಕಂಜು" ಎಂದರು. ಅಷ್ಟಕ್ಕೇ ಬಿಡದೆ, "ನಗೆ ಬರದೇ ನಗವು ಹೇಳಿರೆ ಹ್ಯಾಂಗೆ ನಗದು ತಮಾ?" ಎಂದೂ ಕೇಳಿದರು. ನಗೆ ಬಾರದೆ ನಗಬೇಕೆಂದರೆ ಹೇಗೆ ನಗುವುದು ಎಂಬ ಆ ಪ್ರಶ್ನೆ ಇಡೀ ಈ ವಿದ್ಯೆಯ ಬುಡಕ್ಕೇ ಹೋಗುತ್ತದೆ. ಮನಶ್ಶಾಸ್ತ್ರಜ್ಞೆ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಜೊತೆಗಾರರು 2019ರಲ್ಲಿ ನೂರಾರು ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ನೋಡಿ, ಒಳಗಿನ ಭಾವಕ್ಕೂ ಹೊರಗಿನ ಮುಖಚಲನೆಗೂ ಒಂದಕ್ಕೊಂದು ಎಂಬಂಥ ಜೋಡಿ ಸಿಗುವುದಿಲ್ಲ ಎಂದರು. ಸಿಟ್ಟು ಬಂದವರು ಹುಬ್ಬು ಗಂಟಿಕ್ಕುವುದು ನೂರಕ್ಕೆ ಮೂವತ್ತರ ಆಸುಪಾಸಂತೆ. ಉಳಿದವರು ಸುಮ್ಮನಿರುತ್ತಾರೆ, ಅಳುತ್ತಾರೆ, ನಗುವವರೂ ಇದ್ದಾರೆ.

ಭಾವದ ಹೆಸರು ಬೇಡ, ಚಲನೆ ಎಷ್ಟು ಅಷ್ಟೇ ಸಾಕು ಎಂದು ಅಕ್ಕ ಹೇಳಿದಳು. ಆದರೆ ಆ ಎರಡು ಮಾಡೆಲ್‌ಗಳನ್ನು ಕಿತ್ತುಹಾಕದೆ ಹಿಂದಿನಿಂದ ಓಡಲು ಬಿಟ್ಟೆ. ಅವುಗಳ ಅಂಕವೂ ಕಡತದಲ್ಲಿ ಸೇರುತ್ತ ಹೋಯಿತು, ಆಮೇಲೆ ಅದು ಉಪಯೋಗಕ್ಕೆ ಬಂತು.

ಅಳೆಯುವ ಕೆಲಸ

ಇದಕ್ಕೆ ಹಿಡಿದದ್ದು ಗೂಗಲ್‌ನ ಮೀಡಿಯಾಪೈಪ್. ಪ್ರತಿ ಫ್ರೇಮಿನಲ್ಲೂ ಮುಖದ ಮೇಲೆ 478 ಬಿಂದು ಇಡುತ್ತದೆ, ಅದರಲ್ಲಿ ಹತ್ತು ಎರಡು ಕಣ್ಣಿನ ಐರಿಸ್‌ಗೆ. ಇಂಟರ್‌ನೆಟ್ ಇಲ್ಲದೆ ಲ್ಯಾಪ್‌ಟಾಪಿನಲ್ಲೇ ಓಡುತ್ತದೆ, ಹಾಗಾಗಿ ಅತ್ತೆಯ ಮುಖ ಯಾವ ಕಂಪನಿಯ ಸರ್ವರಿಗೂ ಹೋಗಲಿಲ್ಲ.

ಐರಿಸ್ ಇಲ್ಲಿ ಬಹಳ ಕೆಲಸಕ್ಕೆ ಬರುತ್ತದೆ. ಕಣ್ಣಿನ ಬಣ್ಣದ ಆ ವೃತ್ತದ ಅಡ್ಡಗಲ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ, ಸುಮಾರು 11.7 ಮಿಲಿಮೀಟರ್. ಹಾಗಾಗಿ ಫೋನು ಹತ್ತಿರ ಇಟ್ಟರೂ ದೂರ ಇಟ್ಟರೂ, ಆ ವೃತ್ತ ಎಷ್ಟು ಪಿಕ್ಸೆಲ್ ಎಂದು ನೋಡಿದರೆ ಉಳಿದ ಎಲ್ಲ ದೂರವೂ ಮಿಲಿಮೀಟರಿಗೆ ಸಿಗುತ್ತದೆ. ಕೈಯಳತೆ ದೂರದಲ್ಲಿ ಸ್ಟೂಲಿನ ಮೇಲೆ ನಿಲ್ಲಿಸಿದ ಸಾಧಾರಣ ಫೋನಿನಲ್ಲಿ ಒಂದು ಪಿಕ್ಸೆಲ್ ಎಂದರೆ ಕಾಲು ಮಿಲಿಮೀಟರಿನ ಆಸುಪಾಸು. ತುಟಿಯ ಕೊನೆ ಎಷ್ಟು ಸರಿಯಿತು, ರೆಪ್ಪೆಗಳ ನಡುವಿನ ತೆರಪು ಎಷ್ಟು, ಹುಬ್ಬು ಎಷ್ಟು ಏರಿತು ಎಂದು ಎಡ-ಬಲ ಬೇರೆಬೇರೆ ಅಳೆದೆವು.

ತೊಂದರೆ ಬಂದದ್ದು ಕಣ್ಣಿನಲ್ಲಿ. ಅತ್ತೆ ಕಣ್ಣು ಮುಚ್ಚಿದಾಗ ಎಡರೆಪ್ಪೆ ಅರ್ಧಕ್ಕೇ ನಿಂತು, ಗುಡ್ಡೆ ಮೇಲಕ್ಕೆ ತಿರುಗಿ, ಬಿಳಿ ಮಾತ್ರ ಕಾಣುತ್ತಿತ್ತು. ಪ್ರೋಗ್ರಾಮಿನ ಪ್ರಕಾರ ಎರಡೂ ಕಣ್ಣು ಮುಚ್ಚಿದ್ದವು! ಪರದೆಯನ್ನು ದೊಡ್ಡದು ಮಾಡಿ ನೋಡಿದರೆ ಎಡರೆಪ್ಪೆಯ ಬಿಂದುಗಳು ಬಿಳಿಗುಡ್ಡೆಯ ನಟ್ಟನಡುವೆ ಕೂತಿವೆ. ಆ ಮಾಡೆಲು ಕಲಿತದ್ದು ಆರೋಗ್ಯವಂತರ ಮುಖದಿಂದ. ಅವರ ರೆಪ್ಪೆಗಳು ಯಾವತ್ತೂ ಜೋಡಿಯಾಗಿಯೇ ಬಡಿಯುತ್ತವೆ. ಬಲಗಣ್ಣು ಮುಚ್ಚಿದ್ದು ಕಂಡರೆ ಎಡಗಣ್ಣೂ ಮುಚ್ಚಿರಬೇಕು ಎಂದು ಅದು ಊಹಿಸಿಬಿಡುತ್ತದೆ. ಅಮೆರಿಕದ ಬಾಸ್ಟನ್ನಿನ ಮ್ಯಾಸ್ ಐ ಅಂಡ್ ಇಯರ್ ಆಸ್ಪತ್ರೆಯ ತಂಡ ಪಾರ್ಶ್ವವಾಯುವಿನ ಮುಖಗಳಿಗಾಗಿಯೇ ಎಮೋಟ್ರಿಕ್ಸ್ ಎಂಬ ಉಪಕರಣ ಮಾಡಿದೆ. ಆರೋಗ್ಯವಂತ ಮುಖದಿಂದ ಕಲಿತ ಮಾಡೆಲ್‌ಗಳು ಇಂಥ ಮುಖಗಳಲ್ಲಿ ಹೆಚ್ಚು ತಪ್ಪುತ್ತವೆ ಎಂಬುದು ಆ ತಂಡದ ಕೆಲಸದಲ್ಲೂ ದಾಖಲಾಗಿದೆ. ಮುಚ್ಚದ ಕಣ್ಣು ಒಣಗಿ ಕಾರ್ನಿಯಾಕ್ಕೆ ಗಾಯವಾಗುವುದೇ ಈ ಕಾಯಿಲೆಯಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ. ಅದನ್ನೇ ಮುಚ್ಚಿಡುವ ಅಳತೆಯಿಂದ ಪ್ರಯೋಜನವಿಲ್ಲ, ಹಾನಿಯಿದೆ.

ಇದಕ್ಕೆ ಕಂಡುಕೊಂಡ ಉಪಾಯ ಸರಳ. ಮುಖವನ್ನು ನಡುಗೆರೆಯಲ್ಲಿ ಸೀಳಿ, ಎಡ ಅರ್ಧವನ್ನು ಮಗುಚಿ ಅದಕ್ಕೇ ಜೋಡಿಸಿದರೆ ಎರಡು ಎಡಗಳ ಒಂದು ಮುಖ, ಬಲಕ್ಕೂ ಹಾಗೇ ಇನ್ನೊಂದು. ಎರಡೂ ಸಮಾನ ಬದಿಗಳ ಮುಖಗಳಾದ್ದರಿಂದ ಮಾಡೆಲಿನ ಊಹೆ ಅಡ್ಡ ಬರುವುದಿಲ್ಲ. ಅತ್ತೆಯ ಎರಡು-ಎಡದ ಮುಖದಲ್ಲಿ ಎರಡೂ ಕಣ್ಣು ಅರ್ಧ ತೆರೆದು ನಿಂತವು, ಬಿಂದುಗಳು ರೆಪ್ಪೆಯ ಅಂಚಿಗೇ ಕೂತವು. ನೋಡುವುದಕ್ಕೆ ಮಾತ್ರ ಭಯಂಕರ, ಅತ್ತೆಗೆ ತೋರಿಸಲಿಲ್ಲ. ಬಾಯಿಗೆ ಈ ಉಪಾಯ ನಡೆಯಲಿಲ್ಲ. ಬಲಬದಿಯ ಸ್ನಾಯು ತುಟಿಯನ್ನೇ ನಡುಗೆರೆ ದಾಟಿಸಿ ಎಳೆದುಕೊಂಡಿರುತ್ತದಲ್ಲ. ಹಾಗಾಗಿ ಬಾಯಿಯನ್ನು ಮೂಲ ಫ್ರೇಮಿನಿಂದಲೇ ಅಳೆದೆವು.

ಉಳಿದದ್ದೆಲ್ಲ ಮನೆಯ ಪರಿಸ್ಥಿತಿಗೆ ಹೊಂದಿಸಿಕೊಳ್ಳುವ ಕೆಲಸ. ಜಗಲಿಯಲ್ಲಿ ಬೆಳಕು ಒಂದೇ ಬದಿಯ ಕಿಟಕಿಯಿಂದ, ಮುಖದ ಅರ್ಧ ಕತ್ತಲು. ಅಂಗಳಕ್ಕೆ ಬಂದರೆ ಚಪ್ಪರದ ಸೋಗೆ ಸಂದಿಯಿಂದ ಬಿಸಿಲಿನ ತುಣುಕುಗಳು ಮುಖದ ಮೇಲೆ ಓಡಾಡುತ್ತವೆ. ಕೊನೆಗೆ ಜಗಲಿಯ ಮೆಟ್ಟಿಲಲ್ಲಿ ಅಂಗಳಕ್ಕೆ ಮುಖಮಾಡಿ, ಬಿಸಿಲು ಏರುವ ಮೊದಲು ಎಂದಾಯಿತು. ವಾಟ್ಸಾಪಿನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡಿ ರೆಪ್ಪೆಯ ಅಂಚು ಕಲಸಿಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಬೇಕು. ಸೆಲ್ಫಿ ಕ್ಯಾಮೆರಾ ಕೆಲವು ಫೋನಿನಲ್ಲಿ ಎಡ-ಬಲ ತಿರುಗಿಸಿ ಉಳಿಸುತ್ತದೆ, ಕಾಯಿಲೆಯೇ ಬಲಕ್ಕೆ ಹಾರಿದ ಹಾಗೆ ಕಾಣುತ್ತದೆ. ಅದಕ್ಕೆ ಹಿಂದಿನ ಕ್ಯಾಮೆರಾ ಮಾತ್ರ.

ಕವಳದ, ಅಂದರೆ ಎಲೆಅಡಿಕೆಯ, ಕತೆ ಬೇರೆ. ಕೆಲವು ವಿಡಿಯೊಗಳಲ್ಲಿ ಸುಮ್ಮನಿದ್ದಾಗಿನ ಓರೆತನ ಒಮ್ಮೆಲೇ ಬದಲಾಗಿ, ಎರಡು ದಿನ ಬಿಟ್ಟು ಮತ್ತೆ ಮೊದಲಿನಂತಾಗುತ್ತಿತ್ತು. ನರಕ್ಕೆ ಅಷ್ಟು ಬೇಗ ಹೋಗಿ ಬರಲು ಆಗುವುದಿಲ್ಲ. ಹೊತ್ತು ನೋಡಿದರೆ ಅವೆಲ್ಲ ಮಧ್ಯಾಹ್ನದ ಊಟದ ನಂತರದವು. ಎಡಗೆನ್ನೆಯಲ್ಲಿ ತಿಂದದ್ದು ಸಿಕ್ಕಿಕೊಳ್ಳುತ್ತದೆಂದು ಅತ್ತೆ ಕವಳವನ್ನು ಬಲದವಡೆಗೆ ಒತ್ತರಿಸಿ ಇಟ್ಟುಕೊಳ್ಳುತ್ತಿದ್ದರು. ಬಲಗೆನ್ನೆ ಉಬ್ಬಿ, ತುಟಿಯ ಕೊನೆ ಜರುಗಿ, ಅಳತೆಯೆಲ್ಲ ಏರುಪೇರು. ಜಗತ್ತಿನ ಯಾವ ಮುಖಸಂಗ್ರಹದಲ್ಲೂ ಕವಳ ಹಾಕಿಕೊಂಡ ಮುಖಕ್ಕೆ ಬೇರೆ ಕಾಲಮ್ಮು ಇರಲಾರದು. ಉತ್ತರ ಕನ್ನಡದಲ್ಲಿ ಈ ಕೆಲಸ ಮಾಡುವವರು ಅದನ್ನು ಮೊದಲೇ ಕೇಳಿಕೊಳ್ಳಬೇಕು.

ಜಾತ್ರೆಯ ಫೋಟೊ

ಫೆಬ್ರವರಿಯಲ್ಲಿ ಎಡತುಟಿ ಅಲುಗತೊಡಗಿತು. ಮೊದಲು ನೂಲಿನಷ್ಟು, ತಿಂಗಳ ಕೊನೆಗೆ ಮನೆಯವರಿಗೂ ಕಾಣುವಷ್ಟು. ಅಕ್ಕ ನನ್ನ ಅಂಕಿಗಳನ್ನು ನೋಡದೆ ಸನ್ನಿಬ್ರೂಕ್ ಅಂಕ ಕೊಡುತ್ತಿದ್ದಳು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟಾಗ ಚಲನೆಯ ವಿಷಯದಲ್ಲಿ ಎರಡೂ ಹೊಂದಿ ಬರುತ್ತಿದ್ದವು.

ಮಾರ್ಚ್‌ನಲ್ಲಿ ಶಿರಸಿಯ ಮಾರಿಕಾಂಬೆ ಜಾತ್ರೆ, ಎರಡು ವರ್ಷಕ್ಕೊಮ್ಮೆ ಬರುವಂಥದ್ದು. ಇಡೀ ಮನೆ ಬಂದಿತ್ತು. ಗದ್ದಿಗೆಯ ಹತ್ತಿರದ ಜನಜಂಗುಳಿಯಲ್ಲಿ ಮೊಮ್ಮಗಳನ್ನು ಎತ್ತಿಕೊಂಡು ನಕ್ಕ ಫೋಟೊ ಒಂದನ್ನು ಅತ್ತೆ ಕಳಿಸಿದರು. ಡಿಸೆಂಬರಿನ ನಂತರ ಅವರು ಧೈರ್ಯವಾಗಿ ತೆಗೆಸಿಕೊಂಡ ಮೊದಲ ಫೋಟೊ. ಬಾಯಿಯ ಎರಡೂ ಕೊನೆ ಮೇಲೆದ್ದಿವೆ, ಕಣ್ಣು ಕಿರಿದಾಗಿ ಕೆನ್ನೆ ಉಬ್ಬಿದೆ. ಮನೆಯವರೆಲ್ಲ ಇನ್ನೇನು ಸರಿಯಾಯಿತು ಎಂದರು. ಸಾಫ್ಟ್‌ವೇರಿಗೆ ಕೊಟ್ಟೆ, ಎರಡೂ ಮಾಡೆಲು 'ಸಂತೋಷ' ಎಂದವು, ಸಂಶಯವೇ ಇಲ್ಲದ ಅಂಕದೊಂದಿಗೆ.

ಅಕ್ಕ ಫೋಟೊವನ್ನು ಬಹಳ ಹೊತ್ತು ನೋಡಿ, "ಎಡಗಣ್ಣು ಬಲಗಣ್ಣಿಗಿಂತ ಜಾಸ್ತಿ ಮುಚ್ಚಿದ್ದು ನೋಡು" ಎಂದಳು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಫ್ರಾನ್ಸಿನ ನರವೈದ್ಯ ಡುಶೆನ್ ಮುಖದ ಸ್ನಾಯುಗಳಿಗೆ ವಿದ್ಯುತ್ ಮುಟ್ಟಿಸಿ, ಫೋಟೊ ತೆಗೆದು, 1862ರಲ್ಲಿ ಪುಸ್ತಕ ಮಾಡಿದ. ತುಟಿಯ ಕೊನೆ ಎತ್ತುವ ಸ್ನಾಯು ಇಚ್ಛೆಗೆ ಬಗ್ಗುತ್ತದೆ, ಕಣ್ಣಿನ ಸುತ್ತಲಿನ ಸ್ನಾಯು ನಿಜವಾದ ಸಂತೋಷಕ್ಕೆ ಮಾತ್ರ ಬಗ್ಗುತ್ತದೆ ಎಂಬುದು ಅವನ ಮಾತು. ಕಣ್ಣೂ ಬಾಯಿಯೂ ಸೇರಿದ ನಗುವಿಗೆ ಎಕ್‌ಮನ್ ಆಮೇಲೆ ಅವನ ಹೆಸರನ್ನೇ ಇಟ್ಟ. ಬೇಕೆಂದೇ ಕಣ್ಣು ಸೇರಿಸಿ ನಗಬಲ್ಲವರು ಬಹಳ ಮಂದಿ ಇದ್ದಾರೆ ಎಂದು ಮುಂದೆ ಗೊತ್ತಾಯಿತಾದರೂ, ಚಿತ್ರಗಳಿಗೆ ಪಟ್ಟಿ ಹಚ್ಚುವವರ ಕಣ್ಣಿಗೆ ಈ ಜೋಡಿಯೇ ಸಂತೋಷ. ಮಾಡೆಲ್‌ಗಳು ಕಲಿತದ್ದೂ ಅದನ್ನೇ.

ಅತ್ತೆಯ ಕಣ್ಣು ಮುಚ್ಚುತ್ತಿದ್ದುದಕ್ಕೆ ಕಾರಣ ಬೇರೆ. ಪೆಟ್ಟು ತಿಂದ ನರ ಮತ್ತೆ ಬೆಳೆಯುವಾಗ ಎಳೆಗಳು ದಾರಿ ತಪ್ಪುತ್ತವೆ. ಬಾಯಿಗೆ ಹೋಗಬೇಕಾದ ಕೆಲವು ಎಳೆ ಕಣ್ಣಿಗೆ ಹೋಗಿ ಸೇರುತ್ತವೆ, ಕಣ್ಣಿನದು ಬಾಯಿಗೆ. ಮಳೆಗಾಲದಲ್ಲಿ ಕಂಬ ಬಿದ್ದು ತಂತಿ ಅದಲುಬದಲಾಗಿ ಕೂಡಿಸಿದ ಮನೆಯಲ್ಲಿ ಅಡುಗೆಮನೆಯ ಸ್ವಿಚ್ಚು ಒತ್ತಿದರೆ ಜಗಲಿಯ ದೀಪ ಹತ್ತುತ್ತದಲ್ಲ, ಹಾಗೆ. ಇದಕ್ಕೆ ಸಿಂಕೈನೀಸಿಸ್ ಎನ್ನುತ್ತಾರೆ. ಒಮ್ಮೆ ಗಟ್ಟಿಯಾದರೆ ತೆಗೆಯುವುದು ಕಷ್ಟ, ಮುಖ ಸದಾ ಬಿಗಿದು ನೋಯುತ್ತದೆ.

ಹಳೆಯ ವಿಡಿಯೊಗಳನ್ನೆಲ್ಲ ಮತ್ತೆ ತೆರೆದು, ಸಮಯದ ಗೆರೆಯ ಮೇಲೆ ಎರಡು ವಕ್ರರೇಖೆ ಬರೆಸಿದೆ: ಎಡತುಟಿಯ ಚಲನೆ ಒಂದು, ಎಡಗಣ್ಣಿನ ತೆರಪು ಇನ್ನೊಂದು. ಮಾರ್ಚ್‌ನ ವಿಡಿಯೊದಲ್ಲಿ ಬಾಯಿಯ ಗೆರೆ ಏರತೊಡಗಿದ ಕ್ಷಣವೇ ಎಡಗಣ್ಣಿನ ಗೆರೆ ಇಳಿಯುತ್ತಿತ್ತು, ಬಾಯಿ ಸಡಿಲಿದ ಕೂಡಲೇ ಮೇಲೇಳುತ್ತಿತ್ತು. ಬಲಗಣ್ಣು ಹಾಗಲ್ಲ. ನಗೆ ಪೂರ್ತಿ ಅರಳಿದ ಮೇಲೆ, ತಡವಾಗಿ, ಸ್ವಲ್ಪವೇ ಕಿರಿದಾಗುತ್ತಿತ್ತು. ನಗೆಯಲ್ಲಾದರೂ ಸಂಶಯಕ್ಕೆ ಜಾಗವಿದೆ ಎನ್ನಬಹುದು. ತುಟಿ ಚಾಚುವ ಚಲನೆಯಲ್ಲಿ ಅದೂ ಇಲ್ಲ. ಸೀಟಿ ಹೊಡೆಯುವವರ ಹಾಗೆ ತುಟಿ ಮುಂದೆ ಮಾಡಿದರೆ ಸಂತೋಷಕ್ಕೆ ಅಲ್ಲೇನು ಕೆಲಸ? ಎಡಗಣ್ಣು ಅಲ್ಲೂ ಕಿರಿದಾಗುತ್ತಿತ್ತು.

ಇದರ ಉಲ್ಟಾ ಇನ್ನೂ ಹಿಂದೆಯೇ ಇತ್ತು. ಎರಡು ಚಲನೆಗಳ ನಡುವೆ ಅತ್ತೆ ಸುಮ್ಮನೆ ಕೂತಿರುವ ಹೊತ್ತನ್ನು ಯಾರೂ ನೋಡುತ್ತಿರಲಿಲ್ಲ. ಒಂದು ರೆಪ್ಪೆ ಬಡಿತ ಸೆಕೆಂಡಿನ ಹತ್ತರಲ್ಲಿ ಒಂದರಿಂದ ನಾಲ್ಕು ಭಾಗದಷ್ಟು ಹೊತ್ತಿನದು, ಸೆಕೆಂಡಿಗೆ 30 ಫ್ರೇಮಿನ ವಿಡಿಯೊದಲ್ಲಿ ಮೂರರಿಂದ ಹನ್ನೆರಡು ಫ್ರೇಮು. ಫೆಬ್ರವರಿ ಕೊನೆಯ ಕಡತದಲ್ಲೇ ಪ್ರತಿ ಬಡಿತಕ್ಕೂ ಎಡತುಟಿಯ ಕೊನೆ ಒಂದು ಕ್ಷಣ ಮಿಡಿದು ನಿಲ್ಲುತ್ತಿತ್ತು. ಬರಿಗಣ್ಣಿಗೆ ಅದು ಬೀಳುವಂಥದ್ದಲ್ಲ. ನಿಧಾನಗತಿಯಲ್ಲಿ ಓಡಿಸಿ ತೋರಿಸಿದ ಮೇಲೆ ಅಕ್ಕ ಒಪ್ಪಿದಳು.

ಆಗ ಹಿನ್ನೆಲೆಯಲ್ಲಿ ಓಡುತ್ತಿದ್ದ ಭಾವದ ಅಂಕಗಳನ್ನು ತೆಗೆದು ನೋಡಿದೆ. ಜನವರಿಯಿಂದ ಮಾರ್ಚ್‌ವರೆಗೆ 'ಸಂತೋಷ' ಏರುತ್ತ ಬಂದಿದೆ. ಅದರಲ್ಲಿ ಒಂದು ಪಾಲು ಬಾಯಿಯ ಚೇತರಿಕೆಯಿಂದ ಬಂದದ್ದು, ಅದು ಸರಿಯೇ. ಆದರೆ ಬಾಯಿ ಒಂದೇ ಅಳತೆಯಷ್ಟು ಅರಳಿದ ಫ್ರೇಮುಗಳನ್ನಷ್ಟೇ ಆರಿಸಿ ಹೋಲಿಸಿದಾಗಲೂ, ಎಡಗಣ್ಣು ಹೆಚ್ಚು ಮುಚ್ಚಿದ ಫ್ರೇಮಿಗೇ ಹೆಚ್ಚು ಸಂತೋಷದ ಅಂಕ ಸಿಕ್ಕಿತ್ತು. ಯಾವುದನ್ನು ಅಕ್ಕ ಕಾಯಿಲೆಯ ಅಂಕದಲ್ಲಿ ಕಳೆಯುತ್ತಿದ್ದಳೋ ಅದನ್ನೇ ಮಾಡೆಲು ಕೂಡಿಸುತ್ತಿತ್ತು. ಈ ಅಂಕ ನಂಬಿದ್ದರೆ ಚಿಕಿತ್ಸೆ ಚೆನ್ನಾಗಿ ಸಾಗುತ್ತಿದೆ ಎಂದು ಅದೇ ವ್ಯಾಯಾಮ ಮುಂದುವರಿಸುತ್ತಿದ್ದೆವು.

ಚಿಕಿತ್ಸೆ ತಿರುಗಿದ್ದು

ವ್ಯಾಯಾಮ ಬದಲಾಯಿತು. ಮನೆಯಲ್ಲಿ ಯಾರೋ ಹೇಳಿದರೆಂದು ಅತ್ತೆ ದಿನಾ ಬಲವಾಗಿ ಹಲ್ಲುಕಿರಿದು, ಬಲೂನು ಊದಿ, ಚ್ಯೂಯಿಂಗ್ ಗಮ್ ಜಗಿದು ಕಸರತ್ತು ಮಾಡುತ್ತಿದ್ದುದು ಆಗ ಹೊರಬಿತ್ತು. ದಾರಿ ತಪ್ಪಿದ ಎಳೆಗಳಿಗೆ ಅಂಥ ಜೋರು ಚಲನೆ ಒಳ್ಳೆಯದಲ್ಲ, ಎಲ್ಲ ಒಟ್ಟಿಗೆ ಎಳೆಯುವುದೇ ರೂಢಿಯಾಗುತ್ತದೆ. ಅಕ್ಕ ಅದನ್ನೆಲ್ಲ ನಿಲ್ಲಿಸಿ, ಕನ್ನಡಿ ಮುಂದೆ ಸಣ್ಣ ನಗು, ಬಹಳ ನಿಧಾನ, ಎಡಗಣ್ಣು ಕಿರಿದಾಗತೊಡಗುವ ಮೊದಲೇ ನಿಲ್ಲಿಸುವುದು ಎಂದು ಕಲಿಸಿದಳು. ಎಲ್ಲಿ ನಿಲ್ಲಿಸಬೇಕೆಂದು ಅತ್ತೆಗೆ ಕನ್ನಡಿಯಲ್ಲಿ ತಿಳಿಯುತ್ತಿರಲಿಲ್ಲ. ಪ್ರೋಗ್ರಾಮಿಗೆ ಒಂದು ಗಂಟೆ ಸೇರಿಸಿದೆ, ಎಡಗಣ್ಣಿನ ತೆರಪು ಬಲಗಣ್ಣಿಗಿಂತ ನಿಗದಿತ ಪ್ರಮಾಣ ಮೀರಿ ಕಿರಿದಾದರೆ ಬಾರಿಸುತ್ತದೆ. ಕ್ಲಿನಿಕ್ಕಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಗಂಟೆ ಬಾರಿಸದೆ ನಗುವುದನ್ನು ಅವರು ಕಲಿತರು. ಅಲ್ಲಿ ಕಲಿತ ಅಳತೆಯನ್ನು ಮನೆಯ ಕನ್ನಡಿಗೆ ಒಯ್ದರು.

ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಿ ಬೊಟುಲಿನಮ್ ಚುಚ್ಚುಮದ್ದು ಹಾಕಿಸಿಕೊಳ್ಳುವ ದಾರಿಯೂ ಇದೆ, ಅದು ಮೂರು-ನಾಲ್ಕು ತಿಂಗಳಿಗೆ ಇಳಿದುಹೋಗಿ ಮತ್ತೆ ಹಾಕಿಸಬೇಕು. ಅತ್ತೆ ಬೇಡವೆಂದರು.

2024ರ ಕೊನೆಯ ಹೊತ್ತಿಗೆ ತುಟಿ ಚಾಚಿದಾಗ ಕಣ್ಣು ಕಿರಿದಾಗುವುದು ಬಹಳ ತಗ್ಗಿತ್ತು. ಜೋರಾಗಿ ನಕ್ಕರೆ ಈಗಲೂ ಎಡಗಣ್ಣು ಮುಚ್ಚುತ್ತದೆ. ಹಣೆಯ ಎಡಭಾಗ ಇನ್ನೂ ಪೂರ್ತಿ ಏರುವುದಿಲ್ಲ. ಪ್ರೋಗ್ರಾಮು ಇಲ್ಲದೆ ಬರೀ ಫಿಸಿಯೋದಿಂದ ಇಷ್ಟೇ ಆಗುತ್ತಿತ್ತೇ ಎಂದರೆ, ಒಂದು ಮುಖದಿಂದ ಅದನ್ನು ಹೇಳಲು ಬರುವುದಿಲ್ಲ. ತೊಡಕು ಕಂಡುಹಿಡಿಯಲು ಸಹಾಯವಾಯಿತು ಎಂದಷ್ಟೇ ನನ್ನ ವಾದ.

ಭಾವ ಓದುವ ಸಾಫ್ಟ್‌ವೇರಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಮೈಕ್ರೋಸಾಫ್ಟ್ 2022ರಲ್ಲೇ ತನ್ನ ಮುಖ ಸೇವೆಯಿಂದ ಭಾವ ಊಹಿಸುವ ಸೌಲಭ್ಯವನ್ನು ಹಿಂತೆಗೆದುಕೊಳ್ಳುವುದಾಗಿ ಹೇಳಿತು. ಯುರೋಪ್ ಒಕ್ಕೂಟದ ಎಐ ಕಾನೂನು 2025ರ ಫೆಬ್ರವರಿ 2ರಿಂದ ಕೆಲಸದ ಜಾಗ ಮತ್ತು ಶಾಲೆ-ಕಾಲೇಜುಗಳಲ್ಲಿ ಅದನ್ನು ನಿಷೇಧಿಸಿದೆ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳಿಗೆ ಮಾತ್ರ ವಿನಾಯಿತಿ. ಕ್ಲಿನಿಕ್ಕಿನಲ್ಲಿ ರೋಗಿಯ ಮೇಲೆ ನಡೆದ ನಮ್ಮಂಥ ಬಳಕೆಗೆ ಆ ನಿಷೇಧ ತಗಲುವುದಿಲ್ಲ. ವೈದ್ಯಕೀಯ ಎಂಬ ಹೆಸರಿದ್ದರೆ ಭಾವದ ಅಂಕ ನಿರಪಾಯ ಎಂದುಕೊಳ್ಳುವವರು ಅತ್ತೆಯ ಮಾರ್ಚ್‌ ಕಡತ ನೋಡಬೇಕು. ಸಂದರ್ಶನಕ್ಕೆ ಬಂದವರ ಮುಖವನ್ನು ಇಂಥದ್ದರ ಮುಂದೆ ಕೂರಿಸುವವರಿದ್ದಾರಲ್ಲ, ಅವರ ಎದುರು ಒಂದು ಬದಿ ಸೋತ ಮುಖ ಬಂದು ಕೂತರೆ ಏನು ವರದಿ ಹೋಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ.

ಪ್ರೋಗ್ರಾಮಿನಿಂದ ಭಾವದ ಎರಡು ಕಾಲಮ್ಮು ಈಗ ತೆಗೆದಿದ್ದೇನೆ. ಚಲನೆಯ ಅಳತೆ, ಸಮಯದ ವಕ್ರರೇಖೆ, ಗಂಟೆ ಉಳಿದಿವೆ. ಹೊಸದಾಗಿ ಒಂದು ಖಾಲಿ ಪೆಟ್ಟಿಗೆ ಸೇರಿದೆ, ರೋಗಿ ತಾನಾಗಿ ಹೇಳಿದ್ದನ್ನು ಬರೆದುಕೊಳ್ಳಲಿಕ್ಕೆ. ಅದಕ್ಕೆ ಕಾರಣ ಅತ್ತೆ ಕೊನೆಯ ಭೇಟಿಯಲ್ಲಿ ಮಾತಿನ ನಡುವೆ ಹೇಳಿದ ಸಂಗತಿ. ಊಟಕ್ಕೆ ಕೂತು ತುತ್ತು ಬಾಯಿಗಿಟ್ಟರೆ ಎಡಗಣ್ಣಿನಲ್ಲಿ ನೀರು ಸುರಿಯುತ್ತದಂತೆ, ಖಾರವಿಲ್ಲದ ತಂಬುಳಿ ಊಟಕ್ಕೂ. ಜೊಲ್ಲುಗ್ರಂಥಿಗೆ ಹೋಗಬೇಕಾದ ಎಳೆಗಳು ಕಣ್ಣೀರಿನ ಗ್ರಂಥಿಗೆ ಹೋಗಿ ಸೇರಿದರೆ ಹೀಗಾಗುತ್ತದೆ, ಇದೂ ಅದೇ ದಾರಿ ತಪ್ಪಿದ ನರದ ಕೆಲಸ. ನಾವು ಊಟದ ವಿಡಿಯೊ ಮಾಡಿಸಿರಲಿಲ್ಲ. ಅಕ್ಕ ಕಣ್ಣಿನ ವೈದ್ಯರಿಗೆ ಚೀಟಿ ಬರೆದುಕೊಟ್ಟಿದ್ದಾಳೆ.